ಬೇವಿನ ನೆರಳಿನ ಹುಲ್ಲು

ಹುಸೇನಸಾಬ ಯಾರನ್ನಾದರೂ ನಗುಮುಖದಿಂದ ಮಾತಾಡಿಸಿದ್ದನ್ನು ನಾನು ಕಂಡಿಲ್ಲ. ಹೊರ್ತಿಯಲ್ಲಿ ನಮ್ಮ ಹೊಲಕ್ಕೆ ಹೊಂದಿಕೊಂಡು ಅವನ ಹೊಲ. ನಡುವಿನ ಬದುವಿನ ಮೇಲೆ ಕುಡಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ. ಯಾರದಾದರೂ ಎಮ್ಮೆ ಅತ್ತ ಕತ್ತು ಹೊರಳಿಸಿದರೆ ಸಾಕು, "ಬಾಯಿಗೆ ಕುಕ್ಕಿ ಕಟ್ಟೋ, ಎಮ್ಮಿಗಲ್ಲ, ನಿನಗ" ಎನ್ನುತ್ತಿದ್ದ.

ಅವನು ಕಾಯುತ್ತಿದ್ದದ್ದು ಹುಲ್ಲನ್ನು. ಬಿಸಿಲಿನ ಬದುವಿಗೆ ಅಂಜನ ಹುಲ್ಲು. ಬೇವಿನ ಸಾಲಿನ ಕೆಳಗೆ, ಎಲ್ಲಿಂದಲೋ ಬೇರು ತಂದು ಹಚ್ಚಿದ ಗಿನಿ ಹುಲ್ಲು. ನೆರಳಲ್ಲಿ ಏನು ಬೆಳೆಯುತ್ತದೆ ಎಂದು ಊರು ನಕ್ಕಿತ್ತು. ಆದರೆ ಚೈತ್ರದಲ್ಲಿ ಅಂಜನ ಒಣಗಿ ಕಡ್ಡಿಯಾದಾಗಲೂ ಬೇವಿನ ಕೆಳಗೆ ಹಸಿರಿರುತ್ತಿತ್ತು.

ನಯಾ ಪೈಸೆ ಹೊಸದಾಗಿ ಬಂದ ಕಾಲ. ಆ ವರ್ಷ ನಮ್ಮಲ್ಲಿ ಮಳೆ ಕೈಕೊಟ್ಟಿತು. ನನ್ನ ಮಗಳು ಎಳೆಗೂಸು, ತಾಯಿಗೆ ಹಾಲು ಬತ್ತಿತ್ತು. ಕೂಸು ಬದುಕಿದ್ದದ್ದು ಎಮ್ಮೆಯ ಹಾಲಿನ ಮೇಲೆ, ಎಮ್ಮೆಗೆ ಹಸಿ ಮೇವು ಎಲ್ಲೂ ಇರಲಿಲ್ಲ. ಹೋಗಿ ಕೇಳಿದೆ.

"ಹಡಿಯೂ ಮುಂದ ನನ್ನ ಕೇಳಿದ್ದೇನು?" ಎಂದ. ಬೈಯುತ್ತಲೇ ಎದ್ದು ಒಂದು ಹೊರೆ ಕೊಯ್ದ. ಹಾಗೆಯೇ ದಿನಾಲೂ. ನಾನು ಕುಡಗೋಲಿಗೆ ಕೈಹಾಕಿದರೆ, "ಬಿಡು. ನಿನ್ನ ಕೈ ಕುರಿ ಬಾಯಿ ಇದ್ದಂಗ" ಎನ್ನುತ್ತಿದ್ದ. ತಾನು ಬುಡದ ಮೇಲೆ ಗೇಣುದ್ದ ಬಿಟ್ಟೇ ಕೊಯ್ಯುತ್ತಿದ್ದ.

"ಅಂಜನದ ಜೀವ ಬುಡದಾಗೈತಿ. ಮ್ಯಾಲ ಸತ್ತಂಗ ಕಂಡ್ರೂ ಮಳಿ ಬಿದ್ರ ಏಳತೈತಿ. ನೆರಳಾಗಿಂದು ಬೆಳಕು ಹುಡುಕಿ ಹುಡುಕಿ ಗಳಿಸಿದ್ದೆಲ್ಲಾ ಎಲಿಗೇ ಸುರದೈತಿ. ಬೇರಿನಾಗ ಏನೂ ಇಟ್ಟಿಲ್ಲ. ಬೋಳಿಸಿದ್ರ ಹೋತು."

ನಮ್ಮ ಕಡೆ ಜೋಳದ ರಾಶಿ ಮುಗಿದ ಮೇಲೆ ಹೊಲ ಎಲ್ಲರ ದನಕ್ಕೂ ಬಿಟ್ಟದ್ದು. ಒಂದು ಶುಕ್ರವಾರ ಹುಸೇನಸಾಬ ನಮಾಜಿಗೆ ಹೋದಾಗ ದನ ಕಾಯುವ ಸಿದ್ದಪ್ಪ ಮಂದೆಯನ್ನೇ ಒಳಗೆ ಬಿಟ್ಟ. ಇವನು ಬರುವಷ್ಟರಲ್ಲಿ ಬೇವಿನ ಕೆಳಗೆ ಬರೀ ಮಣ್ಣು.

"ರಾಶಿ ಆದಮ್ಯಾಗ ಹೊಲ ಊರಿಂದು ಸಾಬ. ಹುಲ್ಲಿಗೆ ಕೀಲಿ ಹಾಕ್ತಿ ಏನು?" ಎಂದ ಸಿದ್ದಪ್ಪ.

"ಅಂಜನ ಮೇಯ್ಸಿದ್ರ ಬೈದು ಬಿಡ್ತಿದ್ದೆ. ಇದನ್ನ ಕೊಂದಿ."

ಒಂದು ಮರದ ಬುಡದಲ್ಲಿ, ಜಾಲಿ ಮುಳ್ಳಿನ ಹಿಂದೆ, ನಾಲ್ಕು ಬುಡ ಉಳಿದಿದ್ದವು. ಮರುದಿನ ನಾನು ಹೋದೆ.

"ಕಾಕಾ, ಇವತ್ತಿಗೆ ಒಂದು ಹಿಡಿ."

"ಇಲ್ಲ. ಇವೂ ಹೋದ್ರ ಹಚ್ಚಾಕ ಬೇರು ಸಿಗೂದಿಲ್ಲ."

"ಕೂಸು ಹಸದೈತಿ."

"ಗೊತ್ತೈತಿ. ಹೋಗು."

"ಹುಲ್ಲು ಅಪ್ಪಿಕೊಂಡು ಸಾಯಿ" ಎಂದೆ. "ಸಾಯ್ತೇನಿ" ಎಂದ, ಕೂತಲ್ಲಿಂದ ಏಳಲಿಲ್ಲ.

ಎಮ್ಮೆ ಬತ್ತಿತು. ಹೆಂಡತಿಯನ್ನೂ ಮಗುವನ್ನೂ ಬಾಗೇವಾಡಿಯ ತವರಿಗೆ ಕರೆದೊಯ್ದೆ, ಅಲ್ಲಿ ಆಡಿನ ಹಾಲಿನ ಮೇಲೆ ಮಗಳು ಉಳಿದಳು. ಅವಳು ಹೇಗಿದ್ದಾಳೆಂದು ಹುಸೇನಸಾಬ ಒಂದು ಮಾತೂ ಕೇಳಲಿಲ್ಲ.

ಮಳೆ ಬಿದ್ದಾಗ ಅಂಜನ ತಾನಾಗಿ ಎದ್ದಿತು. ಬೇವಿನ ಕೆಳಗೆ ಮಂದೆ ಮೇಯ್ದ ಒಂದು ಬುಡವೂ ಚಿಗುರಲಿಲ್ಲ. ಉಳಿದ ನಾಲ್ಕನ್ನು ಬಿಡಿಸಿ ಹಚ್ಚಿ, ಮುಂದಿನ ಬೇಸಿಗೆಯ ಹೊತ್ತಿಗೆ ಅವನು ಬೇವಿನ ನೆರಳನ್ನು ಮತ್ತೆ ತುಂಬಿಸಿದ. ನನ್ನ ಎಮ್ಮೆಯೂ ಮತ್ತೆ ಈದಿತ್ತು. ಒಂದು ಹೊರೆ ಕೊಯ್ದು ತಂದು ನಮ್ಮ ಕಡೆಯ ಬದುವಿಗೆ ಇಟ್ಟ.

"ಒಯ್ಯಿ. ಎಮ್ಮಿಗೆ ನಿನ್ನ ಸೊಕ್ಕು ಮೇಯಿಸ್ತಿ ಏನು?"

ನಾನು ಮನೆ ಕಡೆ ನಡೆದೆ. ಹೊರೆ ಅಲ್ಲೇ ಒಣಗಿತು. ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಅವನು ತೀರಿಕೊಂಡ. ಜನಾಜಾದ ಹಿಂದೆ ಊರಿನವರ ಜೊತೆ ನಡೆದೆ. ಹೆಗಲು ಕೊಡಲಿಲ್ಲ.