ಚಳಿಯಕ್ಕನ ಅಂಗೈ ಬಿಸಿ

ಔಷಧಿ ಉಗ್ರಾಣದ ಚಳಿಕೋಣೆಯಲ್ಲಿ ಕೆಲಸ ಮಾಡುವವಳಿಗೆ ಚಳಿಯಕ್ಕ ಎಂದು ಯಾರು ಹೆಸರಿಟ್ಟರೋ ಗೊತ್ತಿಲ್ಲ. ಇಟ್ಟ ಮೇಲೆ ಊರೆಲ್ಲ ಹಾಗೇ ಕರೆದು, ಕೊನೆಗೆ ಒಡಹುಟ್ಟಿದ ಅಕ್ಕನೇ ತಂಗಿಯನ್ನು ಅಕ್ಕ ಎನ್ನುವ ಹಾಗಾಯಿತು. ದಪ್ಪ ಕೋಟು, ಉಣ್ಣೆಯ ಟೋಪಿ, ಒಂದರ ಮೇಲೊಂದು ಕಾಲುಚೀಲ. ಕೋಣೆಯ ಬಾಗಿಲು ತೆಗೆದಾಗಲೆಲ್ಲ ಒಳಗಿನ ತಣ್ಣನೆ ಗಾಳಿ ಹೊರಗಿನ ಸೆಕೆಯನ್ನು ತಾಕಿ ನೆಲದ ಮೇಲೆ ಬೆಳ್ಳಗೆ ಹರಡುತ್ತಿತ್ತು. ಆ ಮಂಜಿನಲ್ಲಿ ಅವಳ ಪಾದಗಳು ಅವಳಿಗೇ ಕಾಣುತ್ತಿರಲಿಲ್ಲ. ನೆಲ ಕಾಣದ ಕಡೆ ನಿಂತವರು ಕನಸು ಕಾಣುವುದು ದೊಡ್ಡ ಮಾತೇನಲ್ಲ ಬಿಡಿ.

ಆದರೆ ಕನಸು ಕಾಣಲು ಚಳಿಯಕ್ಕನಿಗೆ ಮಂಜೂ ಬೇಕಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಕಿಟಕಿಯಾಚೆ ನೋಡುತ್ತ ನಿಂತರೆ ಹಾಲು ಉಕ್ಕಿ, ಪಾತ್ರೆ ಸೀದು, ವಾಸನೆ ಬೀದಿಗೆ ಹೋಗಿ, ಬೀದಿಯವರು ಬಂದು ಹೇಳಿದ ಮೇಲೆಯೇ ಅವಳಿಗೆ ಗೊತ್ತಾಗುತ್ತಿತ್ತು. ‘ಗಾಳಿಗೋಪುರ ಕಟ್ಟೋರಿಗೆ ಯಾರಾದ್ರೂ ಸಂಬಳ ಕೊಡೋ ಹಾಗಿದ್ರೆ ನಮ್ಮನೆ ಮೆಟ್ಟಿಲು ಬಂಗಾರದ್ದಾಗಿರ್ತಿತ್ತು’ ಎಂದು ಅಕ್ಕ ಪಾತ್ರೆ ಉಜ್ಜುತ್ತ ಗೊಣಗುತ್ತಿದ್ದಳು. ಉಗ್ರಾಣದ ವ್ಯಾನ್ ಓಡಿಸುವ ಭಾವ ಮಾತ್ರ ನಾದಿನಿಯ ಪರ. ಈ ಕೆಲಸ ಕೊಡಿಸಿದವನೂ ಅವನೇ.

ಚಳಿಕೋಣೆಯಿಂದ ಹೊರಡುವ ಡಬ್ಬಿಗಳ ಮೇಲೆ ರೋಗಿಯ ಹೆಸರಿರುವುದಿಲ್ಲ, ಬರೀ ನಂಬರು. ನಂಬರಿನ ಮುಖ ನೋಡಿ ಎಷ್ಟು ಹೊತ್ತು ಕೂರಲಾಗುತ್ತದೆ? ಚಳಿಯಕ್ಕ ಪ್ರತಿ ನಂಬರಿಗೂ ಒಬ್ಬ ಮನುಷ್ಯನನ್ನು ಕಟ್ಟಿ ಕೊಡುತ್ತಿದ್ದಳು. ಇದು ಬೆಕ್ಕು ಸಾಕಿದ ಮೇಷ್ಟ್ರದ್ದು, ಇದು ಮೊನ್ನೆ ಮದುವೆಯಾದವಳದ್ದು, ಇದು ಯಾರ ಮಾತೂ ಕೇಳದ ಅಜ್ಜಿಯದ್ದು. ಡಬ್ಬಿ ಮುಚ್ಚಿ ಭಾವನ ಕೈಗೆ ಕೊಡುವಾಗ ಅದರ ನೆತ್ತಿ ತಟ್ಟಿ ‘ಹೋಗು, ಬರಬೇಡ’ ಎನ್ನುತ್ತಿದ್ದಳು. ಮನೆಯಿಂದ ಹೊರಟವರಿಗೆ ಹೋಗು ಎನ್ನಬಾರದು, ಹೋಗಿ ಬಾ ಎನ್ನಬೇಕು. ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು ಇದು. ಆದರೆ ಔಷಧಿ ವಾಪಸು ಬಂತೆಂದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ. ಅದಕ್ಕೇ ಅವಳ ಹರಕೆ ತಿರುಗುಮುರುಗು.

ಆಮೇಲೆ ಕಂಪನಿಗೆ ಬ್ಲಾಕ್‌ಚೈನ್ ಬಂತು. ಡಬ್ಬಿಯೊಳಗೆ ಔಷಧಿಯ ಪಕ್ಕ ಅಂಗಿಯ ಗುಂಡಿಯಂಥ ಒಂದು ಪುಟ್ಟ ಯಂತ್ರ ಇಡಬೇಕು, ಎಲ್ಲರ ಬಾಯಲ್ಲೂ ಅದು ಗುಂಡಿಯೇ. ಅದು ದಾರಿಯುದ್ದಕ್ಕೂ ಎಷ್ಟು ಚಳಿ, ಎಷ್ಟು ಬಿಸಿ ಎಂದು ತಾನೇ ಬರೆಯುತ್ತ ಹೋಗುತ್ತದೆ.

‘ಒಂದು ಕೊಂಡಿಗೆ ಇನ್ನೊಂದು ಕೊಂಡಿ’ ಎಂದು ಉಗ್ರಾಣದ ಮೇಲ್ವಿಚಾರಕ ವಿವರಿಸಿದ. ‘ಔಷಧಿ ಮಾಡಿದೋರು, ಸಾಗಿಸೋರು, ನಾವು, ಆಸ್ಪತ್ರೆ, ವಿಮೆಯೋರು, ಎಲ್ಲರ ಹತ್ರಾನೂ ಅದೇ ಪ್ರತಿ ಇರುತ್ತೆ. ರೋಗಿ ಕೂಡ ತನ್ನ ಫೋನಲ್ಲಿ ನೋಡ್ಬಹುದು. ಒಬ್ಬರು ತಿದ್ದಿದ್ರೆ ಮಿಕ್ಕೋರ ಪ್ರತಿ ಸುಳ್ಳು ಹಿಡಿಯುತ್ತೆ. ಈ ನಂಬಿಕೇನೇ ನಾವು ಮಾರೋದು. ಆಸ್ಪತ್ರೆಗಳು ಇದಕ್ಕೇ ಹೆಚ್ಚು ದುಡ್ಡು ಕೊಡೋದು.’

‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂದ ಹಾಗಾಯ್ತು’ ಎಂದಳು ಚಳಿಯಕ್ಕ. ತನ್ನ ಡಬ್ಬಿಗಳು ದಾರಿಯಲ್ಲಿ ಕಥೆ ಹೇಳಿಕೊಳ್ಳುತ್ತ ಹೋಗುತ್ತವೆ ಎನ್ನುವುದು ಅವಳಿಗೆ ಬಹಳ ಹಿಡಿಸಿತು.

ಗುಂಡಿಯನ್ನು ಎಬ್ಬಿಸಲು ಒತ್ತಿ ಹಿಡಿಯಬೇಕು. ಕೈಗವಸಿನ ದಪ್ಪ ಬೆರಳಿಗೆ ಅದು ಬಗ್ಗುವುದಿಲ್ಲ. ಹಾಗಾಗಿ ಚಳಿಯಕ್ಕ ಗವಸು ಕಳಚಿ, ಬರಿಗೈಯಲ್ಲಿ ಒತ್ತಿ, ಹಸಿರು ದೀಪ ಮಿಣುಕಿದೊಡನೆ ಡಬ್ಬಿಗೆ ಹಾಕುತ್ತಿದ್ದಳು. ಆ ಬೆಳಿಗ್ಗೆಯೂ ಒತ್ತಿದಳು. ಒಂದೇ ಬಾಟಲಿಯ ಪುಟ್ಟ ಡಬ್ಬಿ. ದೂರದೇಶದಿಂದ ಬಂದ, ಅಪರೂಪದ ಕಾಯಿಲೆಯ ಔಷಧಿ. ಯಾರಿಗಿರಬಹುದು? ಎರಡು ಜಡೆಯ ಹುಡುಗಿಗೆ ಎಂದುಕೊಂಡಳು. ಹುಡುಗಿ ಸೈಕಲ್ ಕಲಿಯುತ್ತಿದ್ದಾಳೆ. ಬೀದಿ ಇಳಿಜಾರು. ‘ಬಿಡಬೇಡಿ, ಬಿಡಬೇಡಿ’ ಎನ್ನುತ್ತಾಳೆ. ಬಿಡಲ್ಲ ಮಗಳೇ ಎಂದು ಚಳಿಯಕ್ಕ ಅವಳ ಕೈಯನ್ನು ಹ್ಯಾಂಡಲ್ಲಿನ ಜೊತೆ ಸೇರಿಸಿ ಗಟ್ಟಿಯಾಗಿ ಹಿಡಿದಳು. ಮಂಜು ಮಂಡಿಯವರೆಗೂ ಏರಿ ಬಂತು. ಬೀದಿ ಮುಗಿಯಲೇ ಇಲ್ಲ. ಹೊರಗಿನಿಂದ ಭಾವ ಹಾರ್ನ್ ಹೊಡೆದಾಗಲಷ್ಟೇ ಸೈಕಲ್ ನಿಂತದ್ದು. ಅವಸರದಲ್ಲಿ ಮುಷ್ಟಿ ಬಿಚ್ಚಿ, ಗುಂಡಿ ಹಾಕಿ, ಡಬ್ಬಿ ಮುಚ್ಚಿ ‘ಹೋಗು, ಬರಬೇಡ’ ಎಂದು ಕೊಟ್ಟುಬಿಟ್ಟಳು.

ಮಧ್ಯಾಹ್ನ ಆಸ್ಪತ್ರೆಯ ಗೇಟಿನಿಂದ ಭಾವನ ಫೋನು. ‘ಏನಮ್ಮಾ ಮಾಡಿದ್ದೀಯ? ಇಲ್ಲಿ ಎಲ್ಲ ಕೆಂಪು ತೋರಿಸ್ತಿದೆ. ಚಳಿಕೋಣೇಲೇ ಮೂವತ್ತೆರಡು ಡಿಗ್ರಿ ಬಿಸಿ ಆಗಿದೆ ಅಂತೆ. ಔಷಧಿ ತಗೊಳ್ಳಲ್ಲ ಅಂತಿದ್ದಾರೆ.’

ಚಳಿಯಕ್ಕ ತನ್ನ ಬಲಗೈ ನೋಡಿಕೊಂಡಳು. ಎಲ್ಲಾ ಅರ್ಥವಾಯಿತು. ಔಷಧಿ ಚಳಿ ಬಿಟ್ಟು ಕದಲಿರಲಿಲ್ಲ. ಬಿಸಿಯಾದದ್ದು ಎಚ್ಚೆತ್ತ ಗುಂಡಿ, ಬಿಸಿ ಮಾಡಿದ್ದು ಅವಳ ಅಂಗೈ.

ಮೇಲ್ವಿಚಾರಕ ಕೆಟ್ಟವನಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿ, ಕೂರಿಸಿ ನೀರು ಕೊಟ್ಟ. ‘ಗುಂಡಿ ಕೆಟ್ಟಿತ್ತು ಅಂತ ಹಾಕಿಬಿಡೋಣ. ಡಬ್ಬಿ ನಾಶ ಮಾಡ್ತಾರೆ, ವಿಮೆಯೋರು ತುಂಬಿ ಕೊಡ್ತಾರೆ. ನಿನ್ನ ಕೂದಲೂ ಕೊಂಕಲ್ಲ.’

‘ಆ ನಂಬರಿನೋರ ಗತಿ ಏನು ಸರ್?’

ಅವನು ಕಿಟಕಿಯ ಕಡೆ ತಿರುಗಿದ. ‘ಇನ್ನೊಂದು ಬಾಟಲಿ ಬರೋಕೆ ತಿಂಗಳಾದ್ರೂ ಬೇಕು. ಅಷ್ಟು ದಿನ ಕಾಯೋ ಸ್ಥಿತೀಲಿ ಇಲ್ಲ ಅಂತ ಡಾಕ್ಟರು ಹೇಳಿದ್ರಂತೆ.’

‘ಬೇರೆ ದಾರಿ ಇಲ್ವಾ?’

‘ಇದೆ. ಬಾಟಲಿ ಮೇಲಿನ ಬಿಳಿ ಚೀಟಿ ಬಿಸಿ ತಾಗಿದ್ರೆ ಕಪ್ಪಾಗುತ್ತೆ. ಇನ್ನೂ ಬೆಳ್ಳಗೇ ಇದೆಯಂತೆ. ಡಬ್ಬಿ ಕಟ್ಟಿದೋರು ನಡೆದದ್ದು ನಡೆದ ಹಾಗೆ ತಮ್ಮ ಹೆಸರಲ್ಲಿ ಬರೆದ್ರೆ ಆಸ್ಪತ್ರೆ ಒಪ್ಪಬಹುದು. ಆದ್ರೆ ಬರೆದದ್ದು ಅಳಿಸೋಕಾಗಲ್ಲ, ನೋಡು. ಈ ಸರಪಳೀಲಿರೋ ಯಾವ ಕಂಪನಿಯೂ ನಿನ್ನನ್ನ ಮತ್ತೆ ಚಳಿಕೋಣೆಗೆ ಬಿಡಲ್ಲ. ನಾನೂ ಬಿಡೋ ಹಾಗಿಲ್ಲ.’

ಗಾಜಿನಾಚೆ ಯಾರೋ ಚಳಿಕೋಣೆಯ ಬಾಗಿಲು ತೆಗೆದರು. ಬೆಳ್ಳನೆಯ ಮಂಜು ನೆಲದ ಮೇಲೆ ಮೆಲ್ಲಗೆ ಬಂದು ಮಾಯವಾಯಿತು. ಚಳಿಯಕ್ಕನಿಗೆ ಆ ಕೋಣೆ ಎಂದರೆ ಪ್ರಾಣ. ಜಗತ್ತಿನಲ್ಲಿ ಅವಳನ್ನು ಬೈಯದೆ ಕನಸಿಗೆ ಬಿಟ್ಟ ಜಾಗ ಅದೊಂದೇ. ಆದರೆ ಇಳಿಜಾರಿನ ಬೀದಿಯಲ್ಲಿ ಬಿಡಲ್ಲ ಎಂದು ಮಾತು ಕೊಟ್ಟಾಗಿತ್ತು.

ಅವಳು ಕಂಪ್ಯೂಟರಿಗೆ ಹೆಬ್ಬೆರಳ ಗುರುತು ಕೊಟ್ಟು ಬರೆದಳು: ‘ಔಷಧಿ ಚಳಿಯಲ್ಲೇ ಇತ್ತು. ಗುಂಡಿ ನನ್ನ ಮುಷ್ಟಿಯಲ್ಲಿತ್ತು. ನಾನು ಕನಸು ಕಾಣುತ್ತಿದ್ದೆ.’

ಕೊನೆಯ ಸಾಲು ಬೇಡ ಎಂದ ಮೇಲ್ವಿಚಾರಕ. ಕಾರಣ ಕೇಳಿದ್ದಾರಲ್ಲ ಸರ್ ಎಂದಳು ಅವಳು. ಒತ್ತಿದ ಕ್ಷಣದಲ್ಲಿ ಅವಳ ಕನಸು ಕಾರ್ಖಾನೆಗೆ, ವಿಮೆಯವರಿಗೆ, ಆಸ್ಪತ್ರೆಗೆ ಒಟ್ಟಿಗೇ ತಲುಪಿತು. ಸಂಜೆಯ ಹೊತ್ತಿಗೆ ಅದರ ಬೆನ್ನಿಗೆ ಇನ್ನೊಂದು ಕೊಂಡಿ ಬಿತ್ತು: ‘ಪರೀಕ್ಷಿಸಿದೆವು. ರೋಗಿಗೆ ಕೊಟ್ಟೆವು.’

ಆ ದಿನ ಮನೆಯಲ್ಲಿ ಅಕ್ಕ ಬೈಯಲಿಲ್ಲ. ಹಾಲಿನ ಪಾತ್ರೆಯನ್ನು ತಾನೇ ಇಳಿಸಿ, ತಂಗಿಯ ಪಕ್ಕ ಸುಮ್ಮನೆ ಕೂತಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಚಳಿಯಕ್ಕನಿಗೆ.

ಈಗ ಅವಳು ಉಗ್ರಾಣದ ಮುಂಬಾಗಿಲ ಕೌಂಟರಿನಲ್ಲಿ ಕೂರುತ್ತಾಳೆ. ಬಿಸಿಲು ನೇರ ಮೂತಿಗೆ ಹೊಡೆಯುತ್ತದೆ. ಬಂದವರಿಗೆ ದಾರಿ ತೋರಿಸುವುದು, ಪಾರ್ಸಲ್ಲಿಗೆ ಸಹಿ ಹಾಕಿಸಿಕೊಳ್ಳುವುದು ಕೆಲಸ. ಕನಸು ಬೀಳುವುದಿಲ್ಲ, ಬರೀ ತೂಕಡಿಕೆ.

ಹಾಗೆ ತೂಕಡಿಸುತ್ತಿದ್ದ ಒಂದು ಮಧ್ಯಾಹ್ನ ಕೌಂಟರಿನ ಬಿಸಿಲನ್ನೆಲ್ಲ ಒಂದು ದೇಹ ಮರೆಮಾಡಿತು. ದಢೂತಿ ಆಳು, ಬುಟ್ಟಿಯಂಥ ಹೊಟ್ಟೆ, ಕಿವಿಯವರೆಗೆ ಮೀಸೆ. ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುವವನು ಎಂದು ಪರಿಚಯ ಹೇಳಿಕೊಂಡ. ಆಮೇಲೆ ಫೋನು ಮುಂದೆ ಹಿಡಿದ. ಪರದೆಯ ಮೇಲೆ ಆ ಪುಟ್ಟ ಡಬ್ಬಿಯ ನಂಬರು, ಅದರ ಕೆಳಗೆ ಅವಳ ಮೂರು ಸಾಲು.

‘ಇದನ್ನ ಬರೆದೋರು ನೀವೇನಾ? ಆಸ್ಪತ್ರೇಲಿ ಮಲಗಿ ದಿನಾ ಓದಿದ್ದೀನಿ. ಬದುಕಿದ್ರೆ ಹೋಗಿ ಕೇಳ್ಬೇಕು ಅಂದ್ಕೊಂಡಿದ್ದೆ. ಏನು ಕನಸಮ್ಮಾ ಅದು?’

ಚಳಿಯಕ್ಕ ಆ ಮೀಸೆಯನ್ನೇ ನೋಡಿದಳು. ಎರಡು ಜಡೆ ಎಲ್ಲೂ ಕಾಣಲಿಲ್ಲ. ನಗು ಬಂತು, ಜೊತೆಗೆ ಕಣ್ಣೀರೂ ಬಂತು.

‘ನಿಮಗೆ ಸೈಕಲ್ ಕಲಿಸ್ತಾ ಇದ್ದೆ ಅಣ್ಣಾ.’

‘ಅಯ್ಯೋ, ನನಗೆ ನಿಜವಾಗ್ಲೂ ಸೈಕಲ್ ಬರಲ್ಲ!’ ಎಂದು ಡ್ರಮ್ಮಿನಂಥ ದನಿಯಲ್ಲಿ ನಕ್ಕ. ಒಳಗಿದ್ದವರೆಲ್ಲ ಬಂದು ಇಣುಕಿದರು. ಅವನು ಕೈ ಮುಂದೆ ಚಾಚಿದ. ಬೆಚ್ಚಗಿನ, ಒರಟಾದ, ಬದುಕಿರುವ ಕೈ. ಚಳಿಯಕ್ಕ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹೊರಡುವಾಗ ಅವನು ‘ಬರ್ತೀನಮ್ಮಾ’ ಎಂದ. ಬಾಯಿಗೆ ಅಂಟಿದ ಅಭ್ಯಾಸ, ಅವಳು ‘ಹೋಗಿ, ಬರಬೇಡಿ’ ಎಂದುಬಿಟ್ಟಳು. ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಅವನು ಬಾಗಿಲಲ್ಲೇ ತಿರುಗಿ ನಿಂತ. ‘ಔಷಧಿಗೆ ಬರಲ್ಲ ಬಿಡಿ. ಸೈಕಲ್ ಕಲಿಯೋಕೆ ಬರ್ತೀನಿ.’

‘ಹಾಗಾದ್ರೆ ಹೋಗಿ ಬನ್ನಿ’ ಎಂದಳು ಚಳಿಯಕ್ಕ. ಅಷ್ಟು ವರ್ಷಗಳಲ್ಲಿ ಆ ಉಗ್ರಾಣದಿಂದ ಹೊರಟ ಒಂದು ನಂಬರಿಗೂ ಅವಳು ಆ ಮಾತು ಹೇಳಿರಲಿಲ್ಲ.