ಹಟ್ಟಿಗೆ ಬಂದ ನರಿ

ಕಣ್ಣಿಗೆ ಕಾಣದ್ದನ್ನು ನಂಬುವವನಲ್ಲ ನಾನು ಎಂದರೆ ನೀವು ನಗಬಹುದು. ಕಣ್ಣಿಗೆ ಕಾಣದ ರೋಗಾಣುಗಳ ಜೊತೆಯಲ್ಲೇ ನನ್ನ ಬದುಕು ಸಾಗಿದೆ, ನಾನು ಪಶುವೈದ್ಯ. ಬೆಳ್ತಂಗಡಿ ಕಡೆಯ ಹಟ್ಟಿ-ಕೊಟ್ಟಿಗೆಗಳಲ್ಲಿ ದನಕ್ಕೆ ದೃಷ್ಟಿ ತಾಗಿದೆ ಎಂದು ಯಾರಾದರೂ ಹೇಳಿದರೆ ಮೊದಲು ಥರ್ಮಾಮೀಟರ್ ತೆಗೆಯುತ್ತಿದ್ದೆ, ಆಮೇಲೆ ಬೈಯುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಕಕ್ಕಿಂಜೆಯ ಹತ್ತಿರ ಹಾಡಹಗಲೇ ಕಂಡದ್ದನ್ನು ಈಗ ಹೇಳುತ್ತೇನೆ. ನಂಬಿ ಎನ್ನುವ ಧೈರ್ಯ ಮಾತ್ರ ನನಗಿಲ್ಲ.

ಲೀಲಕ್ಕ ಎಂಬವರ ಮನೆ ಕಾಡಿಗೆ ತಾಗಿಕೊಂಡೇ ಇದೆ. ಗಂಡ ತೀರಿಕೊಂಡ ಮೇಲೆ ಬೊಳ್ಳಿ ಎಂಬ ಒಂದೇ ದನದ ಹಾಲು ಮಾರಿ ಮಗಳನ್ನು ಗುರುವಾಯನಕೆರೆಗೆ ಓದಲು ಕಳಿಸುತ್ತಿದ್ದರು. ಆ ಬೊಳ್ಳಿಗೆ ಕೆಚ್ಚಲು ಬಾವು ಬಂತು. ಹಿಂದಿನ ಎಡ ಮೊಲೆ ಕಲ್ಲಿನಂತಾಗಿ ಕೀವು ಬರುತ್ತಿತ್ತು. ನಾನು ಹೋಗುವ ಮೊದಲೇ ಯಾರ್ಯಾರೋ ಹೇಳಿದ ಇಂಜೆಕ್ಷನ್‌ಗಳೆಲ್ಲ ಬಿದ್ದಿದ್ದವು. ನಾನು ಕೊಟ್ಟದ್ದೂ ನಾಟಲಿಲ್ಲ. ಹಾಲನ್ನು ಪರೀಕ್ಷೆಗೆ ಕಳಿಸಿದರೆ, ಇದ್ದಬದ್ದ ಔಷಧಿಗಳಿಗೆಲ್ಲ ಬಗ್ಗದ ರೋಗಾಣು ಎಂದು ಉತ್ತರ ಬಂತು. ಅಷ್ಟರಲ್ಲಿ ದನ ಏಳುವುದನ್ನೇ ಬಿಟ್ಟಿತ್ತು.

ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದು ಹೇಳಲೆಂದೇ ಒಂದು ಮಧ್ಯಾಹ್ನ ಅವರ ಹಟ್ಟಿಗೆ ಹೋಗಿದ್ದೆ. ಆದರೆ ಆ ಮಾತು ತಪ್ಪಿಸಲು, ಕೆಟ್ಟ ಹಾಲನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚುತ್ತಿದ್ದೀರಿ ತಾನೇ ಎಂದು ಕೇಳಿದೆ.

"ಹಾಲಲ್ವಾ ಡಾಕ್ಟ್ರೇ, ಕಾಲು ತಾಗುವಲ್ಲಿ ಚೆಲ್ಲಲಿಕ್ಕುಂಟಾ? ಗುಂಡಿಗೆ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ. ಕಾಡಿನ ಬದಿಯ ಹಲಸಿನ ಬುಡದಲ್ಲಿ ಕಲ್ಲಿನ ಬಾನಿ ಉಂಟಲ್ಲ, ಅದಕ್ಕೆ ಎರೆದು ಬರ್ತೇನೆ. ಬೆಳಿಗ್ಗೆ ನೋಡಿದ್ರೆ ಖಾಲಿ ಇರ್ತದೆ."

ನನಗೆ ಮೈಯೆಲ್ಲ ಉರಿಯಿತು. "ಕುಡಿದದ್ದು ಯಾರು ಮಾರಾಯ್ರೆ?" ಎಂದು ಕೂಗಿದೆ. ಲೀಲಕ್ಕ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು.

ತಿರುಗಿದೆ. ಹಟ್ಟಿಯ ಬಾಗಿಲಲ್ಲಿ ಒಂದು ಹೆಣ್ಣು ನರಿ ನಿಂತಿತ್ತು. ಮನೆಯ ನಾಯಿ ಬೊಗಳಲೇ ಇಲ್ಲ. ಹುಚ್ಚು ಹಿಡಿದ ನರಿಯೋ ಎಂದು ನೋಡಿದೆ. ಜೊಲ್ಲಿರಲಿಲ್ಲ, ನಡಿಗೆ ತಪ್ಪಿರಲಿಲ್ಲ. ನಮ್ಮಿಬ್ಬರನ್ನೂ ಲೆಕ್ಕಿಸದೆ ಅದು ಒಳಗೆ ಬಂತು. ಅದರ ಹಿಂದಿನ ಎಡ ಮೊಲೆ ಬಾತುಕೊಂಡು ಕೀವು ಒಸರುತ್ತಿತ್ತು. ಏಳಲಾರದ ಬೊಳ್ಳಿ ಎದ್ದು ನಿಂತಿತು. ನರಿ ಅದರ ಮುಂದೆ ಮಲಗಿತು. ಬೊಳ್ಳಿ ತಲೆ ತಗ್ಗಿಸಿ, ಈಗಷ್ಟೇ ಹಾಕಿದ ಕರುವನ್ನು ನೆಕ್ಕುವ ಹಾಗೆ, ನರಿಯನ್ನು ನೆಕ್ಕತೊಡಗಿತು. ನಾನು ಹೆದರಿದ್ದೆ. ಸ್ವಲ್ಪ ಹೊತ್ತಿನ ಮೇಲೆ ನರಿ ಎದ್ದು ಬಂದ ದಾರಿಯಲ್ಲೇ ಹೊರಟುಹೋಯಿತು.

ಸಂಜೆಯ ಹೊತ್ತಿಗೆ ಬೊಳ್ಳಿಯ ಜ್ವರ ಇಳಿಯಿತು, ಅದು ಹುಲ್ಲಿಗೆ ಬಾಯಿ ಹಾಕಿತು. ಮರುದಿನ ಹಲಸಿನ ಬುಡದಲ್ಲಿ ನರಿ ಸತ್ತು ಬಿದ್ದಿತ್ತು. ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವರ ಎದುರಲ್ಲೇ ಕೀವು ತೆಗೆದು ಪರೀಕ್ಷೆಗೆ ಕಳಿಸಿದೆ. ಅದೇ ರೋಗಾಣು, ಅದೇ ಹಠ. ಬಾನಿಯ ಹಾಲು ಕುಡಿದು ನರಿ ಅಂಟಿಸಿಕೊಂಡಿರಬೇಕು, ಇಷ್ಟನ್ನು ನಾನು ವಿವರಿಸಬಲ್ಲೆ. ಆದರೆ ಅದೇ ಮೊಲೆಗೆ ಏಕೆ ಬಂತು? ಆಮೇಲೆ ಎಷ್ಟು ಹುಡುಕಿದರೂ ಬೊಳ್ಳಿಯ ಹಾಲಿನಲ್ಲಿ ಆ ರೋಗಾಣು ಸಿಗಲಿಲ್ಲವೇಕೆ? ಸಹೋದ್ಯೋಗಿಗಳು, "ಅವತ್ತು ನರಿ ಮುಖ ನೋಡಿ ಎದ್ದಿದ್ದೀರಿ ಬಿಡಿ" ಎಂದು ಗೇಲಿ ಮಾಡುತ್ತಾರೆ. ನನಗೆ ನಗು ಬರುವುದಿಲ್ಲ.

ಆ ದಿನವೇ ನರಿಯನ್ನು ಸುಟ್ಟು ಬಂದಾಗ ಲೀಲಕ್ಕ ಬೊಳ್ಳಿಯ ಕುತ್ತಿಗೆ ಸವರುತ್ತಾ ಅಳುತ್ತಿದ್ದರು. ದನ ಉಳಿದ ಸಂತೋಷಕ್ಕೆ ಎಂದುಕೊಂಡೆ. ಅವರು ಕಾಡಿನತ್ತ ಕೈ ತೋರಿಸಿದರು. ಪೊದೆಯೊಳಗಿಂದ ಮರಿಗಳು ಕುಂಯ್‌ಗುಡುವುದು ಕೇಳುತ್ತಿತ್ತು.

"ಅವು ಕುಡಿದದ್ದು ಆ ತಾಯಿನರಿಯ ಕೆಟ್ಟ ಹಾಲನ್ನೇ ಅಲ್ವಾ ಡಾಕ್ಟ್ರೇ?"

ಬೆಳಕಿರುವವರೆಗೂ ಇಬ್ಬರೂ ಹುಡುಕಿದೆವು. ಹತ್ತಿರ ಹೋದಂತೆಲ್ಲ ಸ್ವರ ಇನ್ನೊಂದು ಪೊದೆಯಿಂದ ಬರುತ್ತಿತ್ತು. ಮರಿಗಳು ಸಿಗಲಿಲ್ಲ.