ಚಾಲೂ ಇಟ್ಟ ಜೀಪು

ಎಪ್ಪತ್ತರ ದಶಕದ ನಡುವಿನ ಮಾತು. ಪೆಟ್ರೋಲ್ ತುಟ್ಟಿಯಾಗಿ, ಕಚೇರಿಯ ಜೀಪಿಗೂ ವಾರಕ್ಕೆ ಇಷ್ಟೇ ಎಂದು ಅಳೆದು ಹಾಕತೊಡಗಿದ್ದರು. ನಾನು ಬಸವನ ಬಾಗೇವಾಡಿಯಲ್ಲಿ ಸಾಹೇಬರೊಬ್ಬರ ಜೀಪು ಓಡಿಸುತ್ತಿದ್ದೆ. ಅವರು ಎಲ್ಲಿ ಇಳಿದರೂ ನಾನು ಎಂಜಿನ್ ಬಂದ್ ಮಾಡುತ್ತಿರಲಿಲ್ಲ. ಸಾಹೇಬರು ಹೊರಬಂದಾಗ ಡ್ರೈವರ್ ಎಂಜಿನ್ ಚಾಲೂ ಮಾಡಲು ಜೀಪಿನ ಮುಂದೆ ನಿಂತು ಹ್ಯಾಂಡಲ್ ತಿರುವುತ್ತ ಬೆವರುತ್ತಿದ್ದರೆ ಅವರಿಗೂ ಅವಮಾನ, ನನಗೂ ಅವಮಾನ ಎಂದುಕೊಂಡಿದ್ದೆ. ನಡುನಡುವೆ ಸುಮ್ಮನೆ ಎಕ್ಸಲರೇಟರ್ ಒತ್ತಿ ಗುರ್ ಅನ್ನಿಸುತ್ತಿದ್ದೆ. ಮಂದಿ ತಿರುಗಿ ನೋಡಿದರೆ ನನಗೆ ಊಟ ಮಾಡಿದಷ್ಟು ಖುಷಿ.

"ನಿಂತ ಗಾಡಿ ಪೆಟ್ರೋಲ್ ಕುಡದ್ರ ಯಾವ ಊರು ಮುಟ್ಟತೈತೋ ತಮ್ಮಾ? ಬಂದ್ ಮಾಡು. ಓಡಸುವಾಗೂ ಕಾಲು ಹಗುರ ಇಡು" ಎಂದು ಕಚೇರಿಯ ಹಿರಿಯ ಡ್ರೈವರ್ ಎಷ್ಟೋ ಸಲ ಹೇಳಿದ್ದ.

"ಸರಕಾರದ ಪೆಟ್ರೋಲ್‌ಗೆ ನಿಮಗ್ಯಾಕ್ರಿ ಹೊಟ್ಟಿ ಉರಿ, ಕಾಕಾ?" ಎಂದು ನಗುತ್ತಿದ್ದೆ. ಎಂಥ ಕತ್ತೆ ನಾನು.

ಆ ದಿನ ಸಾಹೇಬರಿಗೆ ಹೂವಿನ ಹಿಪ್ಪರಗಿಯಲ್ಲಿ ಕೆಲಸವಿತ್ತು. ಅದು ನನ್ನ ಹೆಂಡತಿಯ ತವರು. ಅವಳು ಚೊಚ್ಚಲ ಹೆರಿಗೆಗೆ ಅಲ್ಲೇ ಇದ್ದಳು. ಅತ್ತೆಯ ಊರಲ್ಲಿ ಅಳಿಯನ ದಿಮಾಕು ಕೇಳಬೇಕೇ? ಸಾಹೇಬರು ಚಾವಡಿಯಲ್ಲಿ ಕುಳಿತ ಎರಡು ತಾಸೂ ಹೊರಗೆ ಜೀಪು ಚಾಲೂ ಇತ್ತು.

ಆಗ ಅತ್ತೆ ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡಿ ಬಂದರು. "ಕೂಸು ಅಡ್ಡ ಐತಂತ್ರಿ. ಸೂಲಗಿತ್ತಿ ತನ್ನ ಕೈಲೆ ಆಗಂಗಿಲ್ಲ ಅಂದ್ಲು. ದವಾಖಾನಿಗೆ ಒಯ್ಯೂನು, ನಡೀರಿ."

ಸಾಹೇಬರು ಎದ್ದು ಬಂದರು. "ಜೀಪ್ ತಗೊಂಡ ಹೋಗು. ನನ್ನ ದಾರಿ ನೋಡಬ್ಯಾಡ" ಎಂದರು.

ಹೆಂಡತಿಯನ್ನು ಹಿಂದೆ ಮಲಗಿಸಿ, ಅತ್ತೆಯನ್ನು ಪಕ್ಕಕ್ಕೆ ಕೂಡಿಸಿ, ಎಕ್ಸಲರೇಟರನ್ನು ತಳದವರೆಗೂ ಒತ್ತಿ ಬಾಗೇವಾಡಿಯತ್ತ ಹೊಡೆದೆ. ಅರ್ಧ ದಾರಿಯಲ್ಲಿ ಜೀಪು ಎರಡು ಸಲ ಬಿಕ್ಕಿ ನಿಂತಿತು. ಪೆಟ್ರೋಲ್ ಟಾಕಿಯೊಳಗೆ ಕಡ್ಡಿ ಇಳಿಸಿದೆ. ಕಡ್ಡಿ ಒಣಗಿಯೇ ಮೇಲೆ ಬಂತು. ಬೆಳಿಗ್ಗೆ ನಾನೇ ಅಳೆದು ನೋಡಿದ್ದೆ, ಹೋಗಿ ಬರಲು ಸಾಕಾಗುವಷ್ಟಿತ್ತು. ಅದನ್ನು ಚಾವಡಿಯ ಮುಂದೆ ನಿಂತಲ್ಲೇ ಸುಟ್ಟಿದ್ದೆ. ಎರಡೂ ಕಡೆ ಜೋಳದ ಹೊಲ, ರಸ್ತೆಯಲ್ಲಿ ಒಂದು ಚಕ್ಕಡಿಯೂ ಇಲ್ಲ. "ಯಾಕ ನಿಂತ್ರಿ? ಯಾಕ ನಿಂತ್ರಿ?" ಎಂದು ಅತ್ತೆ ಕೇಳುತ್ತಲೇ ಇದ್ದರು. ನಾನು ಟಾಕಿಯ ಮುಚ್ಚಳ ಬಿಗಿದು ರಸ್ತೆಯ ನಡುವೆ ಹೋಗಿ ನಿಂತೆ.

ತಾಳಿಕೋಟೆ ಕಡೆಯಿಂದ ಒಂದು ಲಾರಿ ಬರಲು ತಾಸಿನ ಮೇಲಾಯಿತು. ಅದರಲ್ಲೇ ಅವಳನ್ನು ಬಾಗೇವಾಡಿಗೆ ಒಯ್ದೆವು. ದವಾಖಾನೆಯಲ್ಲಿ ಹೆಂಡತಿ ಉಳಿದಳು, ಕೂಸು ಉಳಿಯಲಿಲ್ಲ. "ಇಷ್ಟ ತಡಾ ಮಾಡಿ ತಂದೀರಲ್ಲ" ಎಂದಷ್ಟೇ ಹೇಳಿ ಡಾಕ್ಟರು ಕೈ ತೊಳೆಯಲು ಹೋದರು.

ಮರುದಿನ ಹೆಂಡತಿ ಕಣ್ಣು ಬಿಟ್ಟು, "ಜೀಪಿಗೆ ಏನಾಗಿತ್ರಿ?" ಎಂದು ಕೇಳಿದಳು.

"ಎಂಜಿನ್ ಕೆಟ್ಟಿತ್ತು" ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ನನಗೇ ದಿಗಿಲಾಯಿತು.

ಅವಳು ನನ್ನ ಕೈ ಹಿಡಿದಳು. "ಯಂತ್ರ ಕೆಟ್ರ ನೀವೇನ ಮಾಡ್ತೀರಿ? ನಿನ್ನೆಯಿಂದ ಹಸಗೊಂಡು ಕುಂತೀರಿ. ಎರಡ ತುತ್ತು ಉಣ್ಣರಿ."